ಚಹಾಪಾನವೂ ನಮ್ಮ ಮೂಳೆಗಳೂ

ಚಹಾ ಗಿಡಕ್ಕೆ ಒಂದು ವಿಶಿಷ್ಟ ಸ್ವಭಾವವುಂಟು. ಆಮ್ಲಗುಣವುಳ್ಳ ನೆಲದಲ್ಲಿ ಬೆಳೆಯುವ ಈ ಗಿಡವು ಮಣ್ಣಿನಲ್ಲಿರುವ ಅಲ್ಯುಮಿನಿಯಂ ಮತ್ತು ಫ್ಲೋರೈಡುಗಳನ್ನು ಬೇರಿನಿಂದ ಹೀರಿ ಎಲೆಗಳಲ್ಲಿ ಕೂಡಿಡುತ್ತದೆ. ಎಲೆ ಬಲಿತಷ್ಟೂ ಈ ಸಂಗ್ರಹ ಹೆಚ್ಚು. ಅದೇ ಎಲೆಯಲ್ಲಿ ಕ್ಯಾಟೆಚಿನ್ ಎಂಬ ಪಾಲಿಫಿನಾಲ್ ವರ್ಗದ ವಸ್ತುಗಳೂ ಇವೆ. ಇವು ಎಳೆಯ ಚಿಗುರಿನಲ್ಲಿ ಹೇರಳ. ಮೂಳೆ ಮತ್ತು ಸಂದುಗಳ ಮೇಲೆ ಚಹಾ ಬೀರುವ ಪರಿಣಾಮವನ್ನು ತಿಳಿಯಬೇಕಾದರೆ ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲು ಕ್ಯಾಟೆಚಿನ್‌ಗಳ ವಿಷಯ. ಸಂಧಿವಾತದಲ್ಲಿ ಉರಿಯೂತವು ಸಂದುಗಳ ಮೃದ್ವಸ್ಥಿಯನ್ನು ಕೆಡಿಸುತ್ತದೆ. ಅಮೆರಿಕದ ಸಂಶೋಧಕರು ಇಲಿಗಳಲ್ಲಿ ಕೃತಕವಾಗಿ ಈ ರೋಗವನ್ನುಂಟುಮಾಡಿ, ಕೆಲವಕ್ಕೆ ಹಸಿರು ಚಹಾದ ಪಾಲಿಫಿನಾಲ್‌ಗಳನ್ನು ನೀರಿನಲ್ಲಿ ಬೆರಸಿ ಕೊಟ್ಟು, ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿದರು. ಬರಿಯ ನೀರು ಕುಡಿದ ಇಲಿಗಳಲ್ಲಿ ಶೇಕಡ 84ರಿಂದ 100ರಷ್ಟಕ್ಕೆ ರೋಗ ತಗುಲಿದರೆ, ಉಳಿದವುಗಳಲ್ಲಿ ಶೇಕಡ 33ರಿಂದ 50ರಷ್ಟಕ್ಕೆ ಮಾತ್ರ ತಗುಲಿತು. ಇದು ಆಶಾದಾಯಕವೇ ಸರಿ. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಕಂಡೇ ತೀರಬೇಕೆಂದಿಲ್ಲ. ಅಲ್ಲದೆ ನಮ್ಮಲ್ಲಿ ಬಳಕೆಯಲ್ಲಿರುವ ಕಪ್ಪು ಚಹಾವನ್ನು ತಯಾರಿಸುವಾಗ ಕ್ಯಾಟೆಚಿನ್‌ಗಳ ಬಹುಭಾಗವು ಉತ್ಕರ್ಷಣ ಹೊಂದಿ ಬೇರೆ ವಸ್ತುಗಳಾಗಿ ಮಾರ್ಪಡುತ್ತದೆ.

ಮನುಷ್ಯರ ವಿಷಯವಾಗಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ನಡೆದ ಒಂದು ಸಮೀಕ್ಷೆ 2000ದಲ್ಲಿ ಪ್ರಕಟವಾಯಿತು. 65ರಿಂದ 76 ವರ್ಷ ವಯಸ್ಸಿನ 1256 ಮಹಿಳೆಯರಲ್ಲಿ, ಚಹಾ ಕುಡಿಯುವವರ ಮೂಳೆಗಳ ಸಾಂದ್ರತೆ ತುಸು ಹೆಚ್ಚಾಗಿತ್ತು. ಚಹಾ ಮುಟ್ಟದವರು ಅವರಲ್ಲಿ 122 ಮಂದಿ ಮಾತ್ರ. ಇಂಥ ಸಮೀಕ್ಷೆಯು ಎರಡು ಸಂಗತಿಗಳು ಜೊತೆಯಲ್ಲಿರುವುದನ್ನು ತೋರಿಸುತ್ತದೆಯೇ ಹೊರತು ಒಂದರಿಂದ ಇನ್ನೊಂದು ಉಂಟಾಯಿತೆಂದು ಸಿದ್ಧಪಡಿಸುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಸಾಂದ್ರತೆ ಹೆಚ್ಚಿದರೆ ಮೂಳೆಯ ಬಲವೂ ಹೆಚ್ಚುವುದೆ? ಇದಕ್ಕೆ ಉತ್ತರ ಫ್ಲೋರೈಡಿನ ಕಥೆಯಲ್ಲಿದೆ. ಮೂಳೆಯ ಖನಿಜಭಾಗವು ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಅಯಾನುಗಳಿಂದಾದ ಹರಳು. ಫ್ಲೋರೈಡ್ ಅಯಾನು ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಹೈಡ್ರಾಕ್ಸಿಲನ್ನು ಹೋಲುವುದರಿಂದ ಅದರ ಸ್ಥಾನವನ್ನು ಸುಲಭವಾಗಿ ಆಕ್ರಮಿಸುತ್ತದೆ. 1990ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಮೂಳೆ ಟೊಳ್ಳಾದ ಮಹಿಳೆಯರಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟ ಪ್ರಯೋಗದ ಫಲವನ್ನು ಪ್ರಕಟಿಸಿದರು. ಸೊಂಟದ ಕಶೇರುಗಳ ಸಾಂದ್ರತೆ ಶೇಕಡ 35ರಷ್ಟು ಏರಿತ್ತು. ಆದರೂ ಕಶೇರುಗಳ ಮುರಿತ ಗಮನಾರ್ಹವಾಗಿ ತಗ್ಗಲಿಲ್ಲ, ಇತರ ಮೂಳೆಗಳ ಮುರಿತವಂತೂ ಹೆಚ್ಚಿತು. ದಟ್ಟವಾದುದೆಲ್ಲ ಗಟ್ಟಿಯಲ್ಲ.

ಚಹಾದಿಂದಲೇ ಈ ಸ್ಥಿತಿ ಒದಗಿದ ಉದಾಹರಣೆಗಳೂ ಉಂಟು. ಪ್ರತಿದಿನ 100ರಿಂದ 150 ಚಹಾ ಪೊಟ್ಟಣಗಳ ಕಷಾಯವನ್ನು 17 ವರ್ಷ ಕುಡಿದ ಮಹಿಳೆಯೊಬ್ಬರ ವೃತ್ತಾಂತವನ್ನು ಡೆಟ್ರಾಯಿಟ್ ನಗರದ ವೈದ್ಯರು 2013ರಲ್ಲಿ ವರದಿಮಾಡಿದರು. ಆಕೆಯ ಮೂಳೆಗಳು ಅತಿಸಾಂದ್ರವಾಗಿದ್ದವು, ಬೆನ್ನು ಕೈಕಾಲುಗಳಲ್ಲಿ ನೋವಿತ್ತು. ಇದು ತೀರ ಅಪೂರ್ವ ಪ್ರಸಂಗ. ಟಿಬೆಟ್, ಒಳ ಮಂಗೋಲಿಯಗಳ ಜನರ ಪಾಡು ಹಾಗಲ್ಲ. ಬಲಿತ ಎಲೆ ಕಡ್ಡಿಗಳನ್ನು ಒತ್ತಿ ಮಾಡಿದ ಇಟ್ಟಿಗೆ ಚಹಾ ಅವರ ನಿತ್ಯದ ಪಾನೀಯ. ಅಲ್ಲಿ ಫ್ಲೋರೋಸಿಸ್ ಊರೂರನ್ನೇ ಬಾಧಿಸಿದೆ. ಇಂಥ ಚಹಾದಲ್ಲಿ ಕಿಲೋಗ್ರಾಮಿಗೆ 300 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಕೂಡದೆಂದು ಚೀನಾ 2005ರಲ್ಲಿ ಮಿತಿ ಗೊತ್ತುಮಾಡಿತು.

ಭಾರತದಲ್ಲಿ ಈ ರೋಗದ ಮೂಲ ಮುಖ್ಯವಾಗಿ ನೀರು. 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಇದರ ಮೊದಲ ವರದಿ ಬಂದಿತು. ಬಾವಿನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡ, ಮುಂಡರಗಿ ಮೊದಲಾದ ಸೀಮೆಗಳು ಕರ್ನಾಟಕದಲ್ಲಿಯೂ ಇವೆ. ಲೀಟರಿಗೆ 1.5 ಮಿಲಿಗ್ರಾಂ ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಗೊತ್ತುಮಾಡಿರುವ ಗರಿಷ್ಠ ಮಿತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುವುದು. ಅದರ ಮೇಲೆ ಚಹಾ ಸೊಪ್ಪಿನ ಫ್ಲೋರೈಡೂ ಕೂಡಿಕೊಳ್ಳುತ್ತದೆ.

ಶುದ್ಧವಾದ ನೀರಿನಲ್ಲಿ ಕಾಸಿದ ಎರಡು ಮೂರು ಬಟ್ಟಲು ಚಹಾದಿಂದ ಆರೋಗ್ಯವಂತರು ಅಂಜಬೇಕಾದುದಿಲ್ಲ. ಅದನ್ನು ಮೂಳೆಯ ಔಷಧವೆಂದು ನಂಬಬೇಕಾದುದೂ ಇಲ್ಲ. ಚಹಾದ ಗುಣದೋಷಗಳನ್ನು ವಿಚಾರಿಸುವ ಮುನ್ನ, ಅದನ್ನು ಕಾಸುವ ನೀರು ಎಂತಹುದೆಂದು ವಿಚಾರಿಸುವುದು ಲೇಸು.