ಮಂಗಳೂರಿನ ಮಧ್ಯಾಹ್ನ ಹನ್ನೆರಡಕ್ಕಲ್ಲ!

ಮಂಗಳೂರು: ರಟ್ಟು, ಕತ್ತರಿ, ಚೂರು ಅಂಟು. ಇಷ್ಟಿದ್ದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಿಸಿಲು ಗಡಿಯಾರ ಸಿದ್ಧ. ಗೆರೆ ಎಳೆಯುವ ತಲೆನೋವು ಕಂಪ್ಯೂಟರಿನದು. ಫ್ರಾನ್ಸಿನ ‘ಶ್ಯಾಡೋಸ್’ನಂಥ ತಂತ್ರಾಂಶಕ್ಕೆ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರಾಯಿತು, ನಕ್ಷೆ ಪ್ರಿಂಟಾಗಿ ಕೈಗೆ ಬರುತ್ತದೆ.

ಆದರೆ ಪರವೂರಿನ ನಕ್ಷೆ ನಡೆಯದು. ಲಂಡನ್ನಿನ ಅಕ್ಷಾಂಶ 51.5 ಡಿಗ್ರಿ, ಮಂಗಳೂರಿನದು ಬರೀ 12.9. ನೆರಳು ಬೀಳಿಸುವ ಪಟ್ಟಿ ಅಷ್ಟೇ ಡಿಗ್ರಿ ಏರಿ ಉತ್ತರಕ್ಕೆ ಮುಖ ಮಾಡಬೇಕು.

ಇಷ್ಟು ಮಾಡಿದರೂ ನೆರಳು ಕೈಗಡಿಯಾರಕ್ಕೆ ತಾಳೆಯಾಗದು. ಯಾಕೆ? ದೇಶದ ಗಂಟೆ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖೆಯ ಲೆಕ್ಕದಲ್ಲಿ. ಮಂಗಳೂರು ಇರುವುದು 74.9ರ ಹತ್ತಿರ. ಸೂರ್ಯ ಒಂದು ಡಿಗ್ರಿ ದಾಟಲು 4 ನಿಮಿಷ. ಅಲ್ಲಿಗೆ ಅರ್ಧ ಗಂಟೆ ಹಿಂದೆ! ಭೂಮಿಯ ಓರೆ ಅಕ್ಷ, ಅಂಡಾಕಾರದ ದಾರಿಯಿಂದ ಇದರಲ್ಲೂ ಏರುಪೇರು. ಫೆಬ್ರವರಿ ನಡುವೆ ಇಲ್ಲಿನ ನಡುಹಗಲು ಸುಮಾರು 12.45ಕ್ಕೆ, ನವೆಂಬರ್ ಆರಂಭದಲ್ಲಿ 12.14ಕ್ಕೆ.

ಪ್ರದರ್ಶನಕ್ಕೆ ಮಾರ್ಕು ಹಾಕುವ ಮಾಸ್ತರುಗಳು ಈ ಲೆಕ್ಕ ಮೊದಲು ನೋಡಲಿ. ಗಂಟೆ ಹೊಂದಲಿಲ್ಲವೆಂದು ಹುಡುಗರ ಹಾಳೆ ಮೇಲೆ ‘ತಪ್ಪು’ ಅಂತ ಗೀಚಿದರೆ, ತಪ್ಪು ಹುಡುಗರದ್ದಲ್ಲ ಸ್ವಾಮಿ!