ಮನೆಯ ಹಿರಿಯರ ಕೈಯಲ್ಲಿ ಗಾಡಿ: ಸಂಘ ಏನು ಮಾಡಬಹುದು, ಬೀಟ್ ಪೊಲೀಸರು ಏನು ಮಾಡಬಹುದು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಸಂಘಗಳ ಸಭೆಗೆ ನಾವು ಹೋದಾಗ, ಉಳಿತಾಯ, ಸಾಲ, ಬಡ್ಡಿಯ ಲೆಕ್ಕವೆಲ್ಲ ಮುಗಿದ ಮೇಲೆ ಒಂದು ಮಾತು ಮೆಲ್ಲಗೆ ಬರುತ್ತದೆ. “ನಮ್ಮ ಮಾವಾರಿಗೆ ಎಪ್ಪತ್ತು ದಾಟೇತ್ರಿ. ಸಂಜಿ ಆದ್ರ ಕಣ್ಣು ಸರಿ ಕಾಣೂದಿಲ್ಲ. ಆದ್ರ ಸೈಕಲ್ ಮೋಟರ್ ಬಿಡವಲ್ರು. ಯಾರು ಹೇಳಬೇಕ್ರಿ ಅವರಿಗೆ?” ಒಬ್ಬರು ಹೀಗೆ ಅಂದರೆ ಸಾಕು, ಪಕ್ಕದಲ್ಲಿ ಕೂತ ಇನ್ನಿಬ್ಬರು “ನಮ್ಮ ಮನ್ಯಾಗೂ ಹಂಗೇ ಐತ್ರಿ” ಅನ್ನುತ್ತಾರೆ. ಅದಕ್ಕೆ ಈ ಸಲದ ಕರಪತ್ರದಲ್ಲಿ ಇದೇ ವಿಷಯ ತೆಗೆದುಕೊಂಡಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಹಿರಿಯರು ಹಟಕ್ಕೆ ಗಾಡಿ ಹೊಡೆಯುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಪುಣೆ, ಮುಂಬೈ, ಗೋವಾ, ಬೆಂಗಳೂರು ಅಂತ ದುಡಿಯಲು ಹೋಗಿದ್ದಾರೆ. ಡೇರಿಗೆ ಹಾಲು ಹಾಕಿ ಬರುವವರು, ಸಂತೆಗೆ ಹೋಗುವವರು, ಮೊಮ್ಮಗಳನ್ನು ಸಾಲಿಗೆ ಬಿಡುವವರು, ಹೊಲಕ್ಕೆ ಗೊಬ್ಬರದ ಚೀಲ ಒಯ್ಯುವವರು ಇವರೇ. ಗಾಡಿ ಕಸಗೊಂಡರೆ ಮನೆಯ ಕೆಲಸ ನಿಲ್ಲುತ್ತದೆ, ಮನುಷ್ಯನೂ ಮೂಲೆ ಸೇರುತ್ತಾನೆ. ಹಾಗಾಗಿ “ವಯಸ್ಸಾತು, ಇನ್ನ ಬಿಡ್ರಿ” ಅನ್ನುವುದು ಬಾಯಿಗೆ ಸುಲಭ, ಮನೆಗೆ ಸುಲಭವಲ್ಲ. ನಮ್ಮ ದೇಶದ ಕಾನೂನಿನಲ್ಲೂ ಇಂತಿಷ್ಟು ವಯಸ್ಸಿಗೆ ಗಾಡಿ ಬಿಡಬೇಕು ಎಂಬ ನಿಯಮ ಇಲ್ಲ. ವಯಸ್ಸಿಗಿಂತ ಕಣ್ಣು, ಕುತ್ತಿಗೆ, ಕಾಲು, ಗುಳಿಗೆ ಇವು ಹೇಗಿವೆ ಎಂದು ನೋಡಬೇಕು.

ಕಣ್ಣಿನ ಮಾತು

ಅರವತ್ತು ವರ್ಷದವರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಹುಡುಗನ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಮಸೂರ ಮಬ್ಬಾಗುತ್ತದೆ. ಹಗಲಿನಲ್ಲಿ ಇದು ಗೊತ್ತಾಗುವುದಿಲ್ಲ. ಆದ್ದರಿಂದಲೇ ಹಿರಿಯರು “ನನಗ ಎಲ್ಲಾ ಕಾಣ್ತೈತಿ” ಅನ್ನುವುದು ಸುಳ್ಳಲ್ಲ. ಮುಂಜಾನೆ ಹತ್ತಕ್ಕೆ ಅವರಿಗೆ ನಿಜವಾಗಿಯೂ ಕಾಣುತ್ತದೆ. ರಾತ್ರಿ ಎಂಟಕ್ಕೆ ಕಾಣುವುದಿಲ್ಲ. ಎದುರಿನ ಲಾರಿಯ ಲೈಟು ಕಣ್ಣಿಗೆ ಬಡಿದರೆ ಎಳೆಯರು ಕ್ಷಣದಲ್ಲಿ ಸುಧಾರಿಸಿಕೊಳ್ಳುತ್ತಾರೆ, ವಯಸ್ಸಾದವರಿಗೆ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಗಾಡಿ ಕುರುಡಾಗಿಯೇ ಓಡುತ್ತಿರುತ್ತದೆ. ಪೊರೆ ಬಂದಿದ್ದರಂತೂ ಒಂದು ಲೈಟು ಹತ್ತು ಲೈಟಾಗಿ ಚೆಲ್ಲಿದಂತೆ ಕಾಣುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಆರೋಗ್ಯದ ಘೋಷಣೆಯಲ್ಲೇ ಈ ಪ್ರಶ್ನೆ ಬರುತ್ತದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ? ಇಪ್ಪತ್ತೈದು ಮೀಟರ್ ಅಂದರೆ ಗಂಡಾಳಿನ ಮಾರಿನಲ್ಲಿ ಹದಿನಾಲ್ಕು-ಹದಿನೈದು ಮಾರು ಹಗ್ಗ. ಹಗ್ಗ ಅಳೆದು ಇಟ್ಟುಕೊಳ್ಳಿ. ಗುಡಿಯ ಮುಂದೆಯೋ ಚರ್ಚಿನ ಅಂಗಳದಲ್ಲಿಯೋ ನಿಂತ ಗಾಡಿಯಿಂದ ಅಷ್ಟು ದೂರ ನಿಲ್ಲಿಸಿ, ಚಸ್ಮಾ ಇದ್ದರೆ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಓದಿಸಿರಿ. ಅಕ್ಷರ ಬಾರದವರಿಗೆ ಅಂಕಿ ಸಾಕು. ಮೊಮ್ಮಕ್ಕಳ ಕೈಯಲ್ಲಿ ಮಾಡಿಸಿದರೆ ಆಟವಾಗುತ್ತದೆ, ಅವಮಾನವಾಗುವುದಿಲ್ಲ. ಓದಲು ಬಾರದಿದ್ದರೆ ಗಾಡಿ ಅಲ್ಲಿಗೆ ನಿಲ್ಲಲಿ, ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಲಿ. ಪೊರೆಯ ಶಸ್ತ್ರಚಿಕಿತ್ಸೆ ಸರಕಾರಿ ಕಾರ್ಯಕ್ರಮದಲ್ಲಿ ಖರ್ಚಿಲ್ಲದೆ ಆಗುತ್ತದೆ, ಶಿಬಿರ ಯಾವಾಗ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದಾಗ ಮತ್ತೆ ಗಾಡಿ ಹಿಡಿದವರು ಬಹಳ ಜನ ಇದ್ದಾರೆ. ಇದನ್ನು ಮೊದಲೇ ಹೇಳಿದರೆ ಹಿರಿಯರು ಪರೀಕ್ಷೆಗೆ ಹೆದರುವುದಿಲ್ಲ.

ಗುಳಿಗೆಯ ಬಗ್ಗೆ ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ನೆಗಡಿ, ಕೆಮ್ಮಿಗೆ ಕೊಡುವ ಕೆಲವು ಗುಳಿಗೆ ಮತ್ತು ಔಷಧ ತೂಕಡಿಕೆ ತರುತ್ತವೆ. ಬಿಪಿ ಗುಳಿಗೆ ಕೆಲವರಿಗೆ ಎದ್ದು ನಿಂತಾಗ ತಲೆ ತಿರುಗಿಸುತ್ತದೆ. ಎಲ್ಲಕ್ಕಿಂತ ಅಪಾಯ ಸಕ್ಕರೆ ಕಾಯಿಲೆಯದ್ದು. ಶ್ರಾವಣ ಸೋಮವಾರ ಇರಲಿ, ರಂಜಾನ್ ರೋಜಾ ಇರಲಿ, ತಪಸ್ಸುಕಾಲದ ಶುಕ್ರವಾರ ಇರಲಿ, ಉಪವಾಸ ಮಾಡಿ ಗುಳಿಗೆ ಮಾತ್ರ ನುಂಗಿದರೆ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿ, ಬೆವರಿ, ದಿಕ್ಕು ತಪ್ಪುತ್ತದೆ. ಉಪವಾಸದ ದಿನ ಗುಳಿಗೆ ಹೇಗೆ ತಗೋಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಬೇಕು. ಆ ದಿನ ಗಾಡಿ ಬೇಡ. ಗಾಡಿ ಹೊಡೆಯುವವರ ಕಿಸೆಯಲ್ಲಿ ಯಾವಾಗಲೂ ಒಂದು ಚೂರು ಬೆಲ್ಲವೋ ಸಕ್ಕರೆಯೋ ಇರಲಿ.

ನಮ್ಮ ರಸ್ತೆಗಳು

ಸೊಲ್ಲಾಪುರದಿಂದ ಝಳಕಿ, ಹೊರ್ತಿ ಮೇಲೆ ವಿಜಯಪುರಕ್ಕೆ ಬರುವ ಹೆದ್ದಾರಿ, ಅಲ್ಲಿಂದ ಮನಗೂಳಿ, ನಿಡಗುಂದಿ ಮೇಲೆ ಹೊಸಪೇಟೆ ಕಡೆ ಹೋಗುವ ಹೆದ್ದಾರಿ ಈಗ ನಾಲ್ಕು ಪಥದವು. ಹಿರಿಯರು ಗಾಡಿ ಕಲಿತಾಗ ಇವು ಹೀಗಿರಲಿಲ್ಲ. ಆಗ ಎದುರಿನ ಬಸ್ಸು ಕಂಡ ಮೇಲೂ ದಾಟಲು ಹೊತ್ತು ಇರುತ್ತಿತ್ತು. ಈಗಿನ ಕಾರುಗಳ ವೇಗ ಹಳೆಯ ಅಂದಾಜಿಗೆ ಸಿಗುವುದಿಲ್ಲ. ಹೆಚ್ಚು ಅಪಾಯ ಎಲ್ಲಿ ಎಂದರೆ ಹಳ್ಳಿಯ ಹಾದಿಯಿಂದ ಹೆದ್ದಾರಿಗೆ ಬಂದು ಬಲಕ್ಕೆ ತಿರುಗುವ ಕ್ರಾಸಿನಲ್ಲಿ. ಕುತ್ತಿಗೆ ಪೂರ್ತಿ ತಿರುಗದವರಿಗೆ ಎರಡೂ ಕಡೆ ನೋಡುವುದೇ ಕಷ್ಟ. ಮುಂದಿನ ತಿರುವು ದೂರ ಐತೆಂದು ಎದುರು ದಿಕ್ಕಿನಲ್ಲೇ ಗಾಡಿ ನುಗ್ಗಿಸುವ ರೂಢಿಯಂತೂ ಮುದುಕರು ಹುಡುಗರು ಎನ್ನದೆ ಎಲ್ಲರಲ್ಲೂ ಇದೆ.

ಇನ್ನೊಂದು, ಸುಗ್ಗಿಯ ಹೊತ್ತು. 2024ರ ಡಿಸೆಂಬರ್ 6ರಂದು ತಾಳಿಕೋಟಿ ತಾಲ್ಲೂಕಿನ ಬಿಳೇಭಾವಿ ಕ್ರಾಸ್ ಹತ್ತಿರ ಕಾರಿಗೂ ತೊಗರಿ ಕಟಾವು ಯಂತ್ರಕ್ಕೂ ಡಿಕ್ಕಿಯಾಗಿ 5 ಮಂದಿ ತೀರಿಕೊಂಡರು. ತೊಗರಿ ಮಷೀನು ರಸ್ತೆಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅದೇ ದಿನಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಡಬ್ಬಿ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ ಫ್ಯಾಕ್ಟರಿ ಕಡೆ ಸಾಲುಗಟ್ಟಿರುತ್ತವೆ. ಪಂಚರ್ ಆದರೆ ರಸ್ತೆಯಲ್ಲೇ ನಿಲ್ಲಿಸಿ ನಾಲ್ಕು ಕಲ್ಲು ಇಡುತ್ತಾರೆ. ಗಾಡಿ ಹೋದ ಮೇಲೂ ಕಲ್ಲು ಅಲ್ಲೇ ಇರುತ್ತವೆ! ಮಬ್ಬು ಕಣ್ಣಿನವರಿಗೆ ಡಬ್ಬಿಯೂ ಕಾಣದು, ಕಲ್ಲೂ ಕಾಣದು. ತೊಗರಿ-ಕಬ್ಬಿನ ತಿಂಗಳುಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಹಿರಿಯರು ಮನೆಯಲ್ಲಿರಬೇಕು ಎಂಬ ಒಂದು ಕಟ್ಟು ಮಾಡಿಕೊಂಡರೆ ಅರ್ಧ ಗೆದ್ದಂತೆ.

ಇಡೀ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44 ಮಂದಿಗಿಂತ ಹೆಚ್ಚು ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಿಂದೆ ಕೂತವರಿಗೂ ಕಡ್ಡಾಯ. ಸೆರಗು ಗಾಲಿಗೆ ಸಿಗದಂತೆ ಸಿಕ್ಕಿಸಿಕೊಳ್ಳುವುದೂ ಅಷ್ಟೇ ಕಡ್ಡಾಯ ಎಂದು ನಾವು ಸೇರಿಸುತ್ತೇವೆ.

ಕಾಗದದ ತಾರೀಖು ನೋಡಿರಿ

ಎಲ್ಲರ ಮನೆಯಲ್ಲೂ ಮರೆತುಹೋಗುವ ವಿಷಯ ಇದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ 55 ವರ್ಷ ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಜೊತೆಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಗಾಡಿ ಓಡಿಸಿ ಪರೀಕ್ಷೆ ಕೊಡಬೇಕು. ಮೊದಲಿದ್ದ 30 ದಿನಗಳ ರಿಯಾಯಿತಿ ಈಗ ಇಲ್ಲ. ಅಂದರೆ ಮುಗಿದ ಮರುದಿನವೇ ಲೈಸೆನ್ಸ್ ಇಲ್ಲದಂತೆ.

ಇದರಿಂದ ಮನೆಗೆ ಏನು ಹೊಡೆತ? ಲೈಸೆನ್ಸ್ ಮುಗಿದವರ ಗಾಡಿ ಬೇರೆಯವರಿಗೆ ಬಡಿದರೆ, ಕೋರ್ಟು ವಿಮಾ ಕಂಪನಿಗೆ ಮೊದಲು ಪರಿಹಾರ ಕೊಡಲು ಹೇಳಿ, ಆಮೇಲೆ ಆ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಬಿಡಬಹುದು. ಆಗ ಹೊಲ, ಬಂಗಾರ, ಸಂಘದ ಉಳಿತಾಯ ಎಲ್ಲಕ್ಕೂ ಕೈ ಬೀಳುತ್ತದೆ. ವಿಮೆಯ ಜೊತೆ ಬರುವ 15 ಲಕ್ಷ ರೂಪಾಯಿಯ ಅಪಘಾತ ರಕ್ಷಣೆ ಇದೆಯಲ್ಲ, ಅದು ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಗಾಡಿ ಪುಣೆಯಲ್ಲಿರುವ ಮಗನ ಹೆಸರಲ್ಲಿ, ಓಡಿಸುವವರು ಇಲ್ಲಿ ಮಾವ ಎಂದಾದರೆ ಅದು ಮಾವನಿಗೆ ಸಲ್ಲುವುದಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಕೂಡ 70 ವರ್ಷಕ್ಕೆ ನಿಲ್ಲುತ್ತದೆ. ಸಂಘದವರು ಹೆಚ್ಚಾಗಿ ಇದನ್ನು ಮಾಡಿಸಿದ್ದೀರಿ, ಆದರೆ ಮನೆಯ ಹಿರಿಯರಿಗೂ ಐತಿ ಎಂದು ತಿಳಿದುಕೊಂಡಿರುತ್ತೀರಿ.

ಹೇಳುವವರು ಯಾರು?

ಸೊಸೆ ಹೇಳಿದರೆ ಮಾತು ಬೆಳೆಯುತ್ತದೆ. ಅತ್ತೆ ಹೇಳಿದರೆ “ನೀ ಸುಮ್ಮಕಿರು” ಅಂತಾರೆ. ಮಗ ಫೋನಿನಲ್ಲಿ ಹೇಳಿದ್ದು ಕಿವಿಗೆ ಹೋಗುವುದಿಲ್ಲ. ಹೊರಗಿನವರು, ಅದೂ ಗೌರವದಿಂದ ಹೇಳಿದರೆ ಕೇಳುವುದು ಲೋಕದ ರೀತಿ. ಡಾಕ್ಟರು, ಗುರುಗಳು, ಸ್ವಾಮಿಗಳು ಹೇಳಬಹುದು. ನಮ್ಮ ಬೀಟ್ ಪೊಲೀಸರೂ ಹೇಳಬಹುದು.

ಬೀಟ್ ಪೊಲೀಸ್ ಎಂದರೆ ಯಾರು ಎಂದು ಬಹಳ ಸಂಘಗಳಲ್ಲಿ ಕೇಳುತ್ತಾರೆ. 2017ರಲ್ಲಿ ನಮ್ಮ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಪ್ರತಿ ಊರಿಗೆ, ಓಣಿಗೆ ಠಾಣೆಯ ಒಬ್ಬ ಪೊಲೀಸ್ ಹೊಣೆ, ಅವರ ಜೊತೆ ಊರಿನ ನಾಗರಿಕ ಸದಸ್ಯರು. 2025ರ ಜುಲೈನಲ್ಲಿ ಗೃಹ ಇಲಾಖೆ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವನ್ನೂ ಆರಂಭಿಸಿತು. ಪೊಲೀಸರೇ ಮನೆಗೆ ಬಂದು ಕಷ್ಟಸುಖ ಕೇಳಬೇಕು ಎಂಬುದು ಅದರ ಉದ್ದೇಶ. ಪಕ್ಕದ ಕೇರಳದಲ್ಲಿ 2008ರಿಂದಲೇ ಜನಮೈತ್ರಿ ಎಂಬ ಹೆಸರಿನಲ್ಲಿ ಇಂಥದ್ದು ನಡೆದಿದೆ. ದೂರದ ಜಪಾನಿನಲ್ಲಂತೂ ಓಣಿಗೊಂದು ಸಣ್ಣ ಪೊಲೀಸ್ ಕಟ್ಟೆ ಇರುತ್ತದೆ. ಅಲ್ಲಿ 75 ದಾಟಿದವರು ಲೈಸೆನ್ಸ್ ನವೀಕರಣಕ್ಕೆ ನೆನಪಿನ ಶಕ್ತಿಯ ಪರೀಕ್ಷೆ ಕೊಡಬೇಕು. ತಾವೇ ಲೈಸೆನ್ಸ್ ಮರಳಿಸಿದವರಿಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ, ಅದನ್ನು ತೋರಿಸಿದರೆ ಎಷ್ಟೋ ಕಡೆ ಬಸ್ಸು, ಅಂಗಡಿಗಳಲ್ಲಿ ರಿಯಾಯಿತಿ ಸಿಗುತ್ತದೆ. 2019ರಲ್ಲಿ ಟೋಕಿಯೋದಲ್ಲಿ 87 ವರ್ಷದವರೊಬ್ಬರ ಕಾರು ತಾಯಿ ಮಗುವನ್ನು ಬಲಿ ತೆಗೆದುಕೊಂಡಿತು. ಆ ವರ್ಷ ಸುಮಾರು 6 ಲಕ್ಷ ಜನ ತಾವಾಗಿ ಲೈಸೆನ್ಸ್ ಮರಳಿಸಿದರು. ಹೆದರಿಸಿದ್ದಕ್ಕಿಂತ ಮರ್ಯಾದೆ ಕೊಟ್ಟಿದ್ದು ಅಲ್ಲಿ ಹೆಚ್ಚು ಕೆಲಸ ಮಾಡಿದೆ ಎಂದು ನಮಗೆ ಅನಿಸುತ್ತದೆ.

ನಾವೂ ಹಾಗೇ ಮಾಡೋಣ. “ಫೌಜದಾರರಿಗೆ ಹೇಳಿ ದಂಡ ಹಾಕಿಸ್ತೀನಿ ನೋಡ್ರಿ” ಎಂದು ಮಾವನಿಗೆ ಹೇಳುವುದು ಮನೆ ಮುರಿಯುವ ಕೆಲಸ. ಅದರ ಬದಲು ಠಾಣೆಗೆ ಸಂಘದ ಠರಾವಿನ ಪ್ರತಿಯೊಂದಿಗೆ ಒಂದು ಅರ್ಜಿ ಕೊಟ್ಟು, ನಿಮ್ಮ ಬೀಟಿನ ಹವಾಲ್ದಾರರನ್ನು ಒಂದು ದಿನ ಸಭೆಗೆ ಕರೆಯಿರಿ. ಊರಿನ ಗಾಡಿ ಹೊಡೆಯುವ ಹಿರಿಯರನ್ನೆಲ್ಲ ಅಂದು ಚಹಾಕ್ಕೆ ಕರೆಯಿರಿ. ಒಬ್ಬರನ್ನೇ ಗುರಿ ಮಾಡಬೇಡಿರಿ. ಅವರೆಲ್ಲ ಈ ರಸ್ತೆಗಳನ್ನು ನಲವತ್ತು ವರ್ಷ ಕಂಡವರು. ಯಾವ ಕ್ರಾಸಿನಲ್ಲಿ ಹಂಪ್ ಬೇಕು, ಎಲ್ಲಿ ಜಾಲಿಕಂಟಿ ಬೆಳೆದು ತಿರುವು ಮುಚ್ಚಿದೆ, ಎಲ್ಲಿ ದೀಪವಿಲ್ಲ ಎಂದು ಅವರನ್ನೇ ಕೇಳಿ ಬರೆದುಕೊಂಡರೆ, ಪೊಲೀಸರಿಗೂ ಪಂಚಾಯಿತಿಗೂ ಕೊಡಲು ಒಂದು ಒಳ್ಳೆಯ ಪಟ್ಟಿ ಆಗುತ್ತದೆ. ಆ ಮಾತಿನ ನಡುವೆಯೇ ರಾತ್ರಿ ಗಾಡಿ, ಕಣ್ಣಿನ ಪರೀಕ್ಷೆ, ಲೈಸೆನ್ಸ್ ತಾರೀಖಿನ ಮಾತು ಬರಲಿ. ಕಬ್ಬಿನ ಸೀಸನ್ ಶುರುವಾಗುವ ಮೊದಲು ಊರಿನ ಡಬ್ಬಿ, ಚಕ್ಕಡಿಗಳ ಹಿಂದೆ ಕೆಂಪು ರೇಡಿಯಂ ಪಟ್ಟಿ ಹಚ್ಚುವ ಕೆಲಸವನ್ನು ಬೀಟ್ ಪೊಲೀಸರೊಂದಿಗೆ ಸಂಘವೇ ಹಮ್ಮಿಕೊಳ್ಳಬಹುದು. ಖರ್ಚು ಸಣ್ಣದು.

ಗಾಡಿ ಕಡಿಮೆ ಮಾಡಿರಿ ಎಂದವರು ಬೇರೆ ದಾರಿಯನ್ನೂ ತೋರಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದ್ದರಿಂದ ನಿಮ್ಮನ್ನು ಸಂತೆಗೆ ಬಿಟ್ಟು ಬರಲು ಮಾವನವರು ಗಾಡಿ ತೆಗೆಯಬೇಕಾಗಿಲ್ಲ. ಗಂಡಸರಿಗೆ 60 ದಾಟಿದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಶೇಕಡಾ 25 ರಿಯಾಯಿತಿ ಇದೆ, ಆಧಾರ್ ಕಾರ್ಡ್ ತೋರಿಸಬೇಕು. ಬಸ್ಸು ಬಾರದ ಹಳ್ಳಿಗಳಲ್ಲಿ ವಾರದ ಒಂದು ದಿನ ನಾಲ್ಕೈದು ಮನೆಯವರು ಕೂಡಿ ಒಂದು ಟಂಟಂ ಗೊತ್ತು ಮಾಡಿದರೆ, ಆಸ್ಪತ್ರೆ, ಬ್ಯಾಂಕ್, ಸಂತೆ ಮೂರೂ ಆಗುತ್ತವೆ.

ಅಪಘಾತ ಕಣ್ಣೆದುರು ಆದರೆ 112ಕ್ಕೆ ಅಥವಾ 108ಕ್ಕೆ ಫೋನು ಮಾಡಿರಿ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಆಗುವುದಿಲ್ಲ, ಹೆಸರು ಹೇಳಲೇಬೇಕು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲೇ ಇದು ಇದೆ. 2025ರ ಮೇ ತಿಂಗಳಿಂದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಬಂದಿದೆ. ಒಂಟಿಯಾಗಿರುವ ಹಿರಿಯರಿಗೆ ಬೇರೆ ಏನೇ ತೊಂದರೆ ಇದ್ದರೂ ಹಿರಿಯರ ಸಹಾಯವಾಣಿ 14567.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಸದಸ್ಯೆಯೂ ಒಂದು ಚೀಟಿಯಲ್ಲಿ ಮೂರು ವಿಷಯ ಬರೆಸಿಕೊಂಡು ಬನ್ನಿರಿ: ಮನೆಯಲ್ಲಿ ಗಾಡಿ ಹೊಡೆಯುವ ಹಿರಿಯರ ಲೈಸೆನ್ಸ್ ಮುಗಿಯುವ ತಾರೀಖು, ಗಾಡಿಯ ವಿಮೆ ಮುಗಿಯುವ ತಾರೀಖು, ಗಾಡಿ ಯಾರ ಹೆಸರಲ್ಲಿದೆ. ಪ್ರತಿನಿಧಿಗಳು ಇವನ್ನು ಠರಾವು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಬೇಕು. ಹದಿನೈದು ಮಾರಿನ ಹಗ್ಗವನ್ನು ನಮ್ಮ ಕಾರ್ಯಕರ್ತೆಯರು ತರುತ್ತಾರೆ.