ಕೋಟೆ ಏರುವಾಗ ಇಳಿದ ಸಕ್ಕರೆ

ಮದುವೆಯಾಗಿ 25 ವರ್ಷ ತುಂಬಿತ್ತು. ಮಗಳು ಕೆಲಸಕ್ಕೆ ಸೇರಿದ್ದಳು, ಮಗ ಹಾಸ್ಟೆಲಿನಲ್ಲಿದ್ದ. 'ಈ ಸಲವಾದರೂ ನಾವಿಬ್ಬರೇ ಎಲ್ಲಿಗಾದರೂ ಹೋಗಿ ಬರೋಣ ರೀ' ಎಂದು ಹೆಂಡತಿ ಕೇಳಿದರು, ಗಂಡ ಒಪ್ಪಿದರು. ಊರು ಚಿತ್ರದುರ್ಗ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಭಾನುವಾರ ರಾತ್ರಿಯೊಳಗೆ ಮನೆ ಸೇರಬಹುದು.

ಈ ದಂಪತಿ ಬಹಳ ವರ್ಷಗಳಿಂದ ನನ್ನ ಚಿಕಿತ್ಸಾಲಯಕ್ಕೆ ಬರುವವರು. ಗಂಡನಿಗೆ 53 ವರ್ಷ, ಸಕ್ಕರೆ ಕಾಯಿಲೆಗೆ ಎಂಟು ವರ್ಷ. ಅವರ ಒಪ್ಪಿಗೆ ಪಡೆದೇ ಈ ಪ್ರಸಂಗವನ್ನು ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಗಂಡ ಎಂದಿನಂತೆ ಸಕ್ಕರೆಯ ಗುಳಿಗೆ ನುಂಗಿದರು. ಹೋಟೆಲಿನಲ್ಲಿ ವಿಪರೀತ ಜನ. 'ಬಿಸಿಲು ಏರುವ ಮೊದಲು ಕೋಟೆ ನೋಡೋಣ, ಬಂದು ಹೊಟ್ಟೆ ತುಂಬ ಊಟ ಮಾಡಿದರಾಯಿತು' ಎಂದು ಒಂದು ಇಡ್ಲಿ, ಅರ್ಧ ಕಾಫಿಗೆ ಎದ್ದರು. ದುರ್ಗದ ಏಳು ಸುತ್ತಿನ ಕೋಟೆಯನ್ನು ಕಂಡವರಿಗೆ ಗೊತ್ತು: ಒಂದು ಬಾಗಿಲು ದಾಟಿದರೆ ಮತ್ತೊಂದು, ಬಂಡೆಯ ಮೇಲೆ ಬಂಡೆ, ಮೆಟ್ಟಿಲ ಮೇಲೆ ಮೆಟ್ಟಿಲು. ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ ಗುಡಿ ನೋಡಿಕೊಂಡು ಗೋಪಾಲಸ್ವಾಮಿ ಹೊಂಡದ ಬಳಿ ಬರುವ ಹೊತ್ತಿಗೆ ಹನ್ನೊಂದು ಗಂಟೆ.

ಅಲ್ಲಿ ಜಗಳ ಶುರುವಾಯಿತು. 'ಒಂದು ಫೋಟೋ ತೆಗೆಸಿಕೊಳ್ಳೋಣ ಬನ್ನಿ' ಎಂದರೆ ಗಂಡ ರೇಗಿದರು. 'ನಿನಗೆ ಬೇರೆ ಕೆಲಸವಿಲ್ಲ' ಎಂದು ನಾಲ್ಕು ಜನರೆದುರು ಕೂಗಾಡಿದರು. ಹೆಂಡತಿಗೆ ಅಳುವೇ ಬಂತು. ಮುಖ ತಿರುಗಿಸಿ ದೂರ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ, ಗಂಡ ಬಂಡೆಗೆ ಒರಗಿದ್ದಾರೆ. ತಂಗಾಳಿ ಬೀಸುತ್ತಿದ್ದರೂ ಅಂಗಿ ಬೆವರಿನಿಂದ ತೊಯ್ದಿದೆ, ಕೈ ನಡುಗುತ್ತಿದೆ. 'ಏನಾಯ್ತು ರೀ?' ಎಂದರೆ 'ಇದು ಯಾವ ಊರು?' ಎಂದು ಕೇಳಿದರಂತೆ.

ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆತಂದಿದ್ದ ಮೇಷ್ಟ್ರೊಬ್ಬರು ಓಡಿ ಬಂದರು. ಅವರೂ ಸಕ್ಕರೆ ಕಾಯಿಲೆಯವರೇ. 'ಅಮ್ಮಾ, ಇವರಿಗೆ ಶುಗರ್ ಇದೆಯೇ?' ಎಂದು ಕೇಳಿದವರೇ, ಒಂದು ಗುಟುಕು ನೀರು ನುಂಗಲು ಆಗುತ್ತದೆಯೇ ಎಂದು ನೋಡಿ, ಜೇಬಿನಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕುಡಿಸಿದರು. ಕಾಲು ಗಂಟೆಯಲ್ಲಿ ಗಂಡ ಕಣ್ಣರಳಿಸಿ, 'ಯಾಕೇ, ಮುಖ ಊದಿಸಿಕೊಂಡಿದ್ದೀಯಾ?' ಎಂದರು. ಜಗಳವಾಡಿದ್ದು ಅವರಿಗೆ ನೆನಪೇ ಇರಲಿಲ್ಲ!

ಏಕೆ ಹೀಗಾಗುತ್ತದೆ?

ಸಕ್ಕರೆ ಕಾಯಿಲೆ ಎಂದರೆ ಸಕ್ಕರೆ ಏರುವುದೊಂದೇ ಅಲ್ಲ, ಚಿಕಿತ್ಸೆಯಲ್ಲಿರುವಾಗ ಇಳಿಯಲೂಬಹುದು. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮೊದಲಾದ ಗುಳಿಗೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಊಟ ಮಾಡಿದಿರೋ ಇಲ್ಲವೋ ಎಂಬುದು ಗುಳಿಗೆಗೆ ಗೊತ್ತಿಲ್ಲ. ಇನ್ಸುಲಿನ್ ಚುಚ್ಚುಮದ್ದಿಗೂ ಇದೇ ಮಾತು. ಜೊತೆಗೆ ಬೆಟ್ಟ ಹತ್ತುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಭರದಿಂದ ಹೀರುತ್ತವೆ. ಗುಳಿಗೆ ಪೂರ್ತಿ, ತಿಂಡಿ ಅರ್ಧ, ಶ್ರಮ ದುಪ್ಪಟ್ಟು. ಲೆಕ್ಕ ತಪ್ಪಿತು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಈ ತೊಂದರೆ ಅಪರೂಪ.

ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ದೇಹ ಎಚ್ಚರಿಕೆ ಕೊಡುತ್ತದೆ: ಬೆವರು, ನಡುಕ, ಎದೆ ಡವಗುಟ್ಟುವುದು, ವಿಪರೀತ ಹಸಿವು. ಇನ್ನೂ ಇಳಿದರೆ ಮಿದುಳಿಗೆ ಇಂಧನ ಸಾಲದು. ಆಗ ಸಿಡುಕು, ಮರೆವು, ತೊದಲು ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು. ಕುಡಿದವರಂತೆ ಕಾಣುವುದೂ ಉಂಟು. ಕಾಯಿಲೆ ಬಹಳ ಹಳೆಯದಾಗಿದ್ದರೆ ಮೊದಲಿನ ಎಚ್ಚರಿಕೆಗಳು ಕಾಣದೆಯೇ ನೇರವಾಗಿ ಗೊಂದಲ ಶುರುವಾಗಬಹುದು. ಆದ್ದರಿಂದ ರೋಗಿಗಿಂತ ಪಕ್ಕದಲ್ಲಿದ್ದವರು ಎಚ್ಚರವಾಗಿರುವುದು ಮುಖ್ಯ. ಶಾಂತ ಸ್ವಭಾವದ ಮಧುಮೇಹಿ ಅಕಾರಣವಾಗಿ ಸಿಡುಕಿದರೆ, ಕೋಪಿಸಿಕೊಳ್ಳುವ ಮೊದಲು ಸಕ್ಕರೆ ಕೊಡಿ.

ತಕ್ಷಣ ಏನು ಮಾಡಬೇಕು?

ಎಚ್ಚರವಿದ್ದು ನುಂಗಲು ಆಗುವಂತಿದ್ದರೆ 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು–ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಮೈಸೂರು ಪಾಕ್, ಚಾಕೊಲೇಟ್ ಈ ಹೊತ್ತಿಗೆ ಸಲ್ಲವು. ಅವುಗಳಲ್ಲಿನ ಜಿಡ್ಡು ಸಕ್ಕರೆ ಬೇಗ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆಯನ್ನೂ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ನಿಧಾನ, ಗ್ಲೂಕೋಸ್ ಪುಡಿಯೇ ಬೇಕು.

ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಎದೆನೋವು, ಎದೆ ಭಾರ ಇದ್ದರೆ ಅದು ಹೃದಯಾಘಾತವೂ ಆಗಿರಬಹುದು. 'ಬರೀ ಗ್ಯಾಸು' ಎಂದು ತಳ್ಳಿಹಾಕದೆ ಆಸ್ಪತ್ರೆಗೆ ಧಾವಿಸಿ.

ಚೇತರಿಸಿಕೊಂಡ ಮೇಲೆ ಊಟ ಮಾಡಲೇಬೇಕು. ಗುಳಿಗೆಯ ಪ್ರಭಾವ ಇಡೀ ದಿನ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಈ ದಂಪತಿಗೂ ಹಾಗೇ ಆಯಿತು. ಊಟ ಮಾಡಿ ಬಸ್ಸು ಹತ್ತಿದ್ದವರಿಗೆ ಶಿರಾ ಹತ್ತಿರ ಮತ್ತೆ ಬೆವರು. ಈ ಸಲ ಹೆಂಡತಿ ಕಾಯಲಿಲ್ಲ. ದುರ್ಗದಲ್ಲೇ ಕೊಂಡಿದ್ದ ಗ್ಲೂಕೋಸ್ ತೆಗೆದರು. ಇಂಥವರು ಅದೇ ದಿನ ವೈದ್ಯರನ್ನು ಕಾಣುವುದು ಕ್ಷೇಮ. ಕೆಲವರನ್ನು ಆಸ್ಪತ್ರೆಯಲ್ಲಿ ಒಂದು ದಿನ ಇರಿಸಿಕೊಳ್ಳಬೇಕಾಗುತ್ತದೆ.

ಹೊರಡುವ ಮುನ್ನ

* ತಟ್ಟೆ ಮುಂದೆ ಬಂದ ಮೇಲೆಯೇ ಗುಳಿಗೆ. ಹಾಗೆಂದು ನೀವಾಗಿಯೇ ಔಷಧಿ ನಿಲ್ಲಿಸಬೇಡಿ. ಬೆಟ್ಟ ಹತ್ತುವ ದಿನ ಪ್ರಮಾಣ ಬದಲಿಸಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ.

* ಗ್ಲೂಕೋಸ್ ಪೊಟ್ಟಣ ನಿಮ್ಮ ಜೇಬಿನಲ್ಲೊಂದು, ಜೊತೆಗಾರರ ಚೀಲದಲ್ಲೊಂದು ಇರಲಿ. ಬಾಳೆಹಣ್ಣು, ಬಿಸ್ಕತ್ತು, ನೀರೂ ಇರಲಿ.

* ಔಷಧಿ ಚೀಟಿ ಮತ್ತು ಒಂದೆರಡು ದಿನಕ್ಕೆ ಹೆಚ್ಚಾಗುವಷ್ಟು ಗುಳಿಗೆ ಕೈಚೀಲದಲ್ಲೇ ಇರಲಿ. ಗ್ಲೂಕೋಮೀಟರ್ ಇದ್ದರೆ ಜೊತೆಗೊಯ್ಯಿರಿ.

* ಇನ್ಸುಲಿನ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಹಾಗೆಯೇ ಅದು ಹೆಪ್ಪುಗಟ್ಟಬಾರದು.

* ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಡ. ಸಕ್ಕರೆ ಇನ್ನಷ್ಟು ಇಳಿಯುತ್ತದೆ.

ಕೊನೆಗೊಂದು ಮಾತು. ಈ ಪ್ರಸಂಗದಲ್ಲಿ ನನ್ನ ತಪ್ಪೂ ಇದೆ. ಚೀಟಿಯಲ್ಲಿ 'ತಿಂಡಿಗೆ ಮೊದಲು' ಎಂದು ಬರೆದಿದ್ದೆ. ತಿಂಡಿಯೇ ಸಿಗದಿದ್ದರೆ ಏನು ಮಾಡಬೇಕೆಂದು ಎಂಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಆ ಹೆಣ್ಣುಮಗಳು ನನ್ನೆದುರು ಕುಳಿತು, 'ಡಾಕ್ಟ್ರೇ, ನಾನು ಮುನಿಸಿಕೊಂಡು ಇನ್ನರ್ಧ ಗಂಟೆ ತಿರುಗಿ ನೋಡದೇ ಇದ್ದಿದ್ದರೆ?' ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಅಂಥ ಗುಳಿಗೆ ಬರೆಯುವಾಗಲೆಲ್ಲ ರೋಗಿಯ ಜೊತೆ ಬಂದವರನ್ನೂ ಒಳಗೆ ಕರೆದು ಹೇಳುತ್ತೇನೆ.

ಮುಂದಿನ ವರ್ಷ ಅವರು ಬಾದಾಮಿಗೆ ಹೋಗುತ್ತಾರಂತೆ. ಅಲ್ಲೂ ಮೆಟ್ಟಿಲುಗಳಿವೆ. ಹೆಂಡತಿಯ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣವೂ ಇರುತ್ತದೆ.